ಸ್ವಿಚ್ ಇರುವ ನದಿ

ಜುಲೈ ಬಂತು ಅಂದ್ರೆ ನನ್ನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಪದ ಕ್ಯೂಸೆಕ್. ಕೆಆರ್‌ಎಸ್‌ಗೆ ಒಳಹರಿವು ಇಷ್ಟು, ಕಬಿನಿಯಿಂದ ಹೊರಹರಿವು ಇಷ್ಟು, ನದಿ ಪಾತ್ರದ ಜನ ಎಚ್ಚರಿಕೆಯಿಂದಿರಿ. ಪ್ರಾಂಪ್ಟರ್ ಮೇಲೆ ಬರುತ್ತೆ, ನಾನು ಓದ್ತೀನಿ, ನೀವು ಕೇಳ್ತೀರಿ. ಇಂಜಿನಿಯರಿಂಗ್ ಓದಿದವನು ನಾನು. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಅಂದ್ರೆ ಸುಮಾರು 28 ಲೀಟರ್ ನೀರು ಅಂತ ನಿದ್ದೆಯಲ್ಲೂ ಹೇಳಬಲ್ಲೆ. ಆದರೆ ಕ್ಯೂಸೆಕ್ ಅಂದ್ರೆ ಏನು ಅಂತ ನನಗೆ ನಿಜವಾಗಿ ಅರ್ಥ ಆಗಿದ್ದು ಕಾಳಿ ನದಿಯ ದಡದಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ಹೊಟ್ಟೆ ಹಸಿದುಕೊಂಡು, ಗೈಡ್ ಮೇಲೆ ಸಿಟ್ಟಾಗಿ ಕೂತಿದ್ದಾಗ.

ಜೋಯಿಡಾ ತಾಲೂಕಿನ ಗಣೇಶಗುಡಿ. ನಾವು ಹನ್ನೊಂದು ಜನ. ಅರ್ಧ ಕಾಲೇಜಿನ ಗೆಳೆಯರು, ಅರ್ಧ ಆಫೀಸಿನವರು. ವಾಟ್ಸಾಪ್ ಗ್ರೂಪಿನಲ್ಲಿ ಮೂರು ತಿಂಗಳು ಚರ್ಚೆ ಮಾಡಿ, ರಾತ್ರಿಯಿಡೀ ಪ್ರಯಾಣ ಮಾಡಿ, ಬೆಳಗ್ಗೆ ಎಂಟಕ್ಕೆ ದಡದಲ್ಲಿ ನಿಂತಿದ್ವಿ. ಕಯಾಕ್‌ಗಳು ಸಾಲಾಗಿ ಮಲಗಿದ್ದವು. ನದಿ ಮಾತ್ರ ತೆಳ್ಳಗೆ, ಬಂಡೆಗಳ ನಡುವೆ ನಾಚಿಕೊಂಡು ಹರೀತಿತ್ತು. ಗೈಡ್ ಆ ಊರಿನ ಹುಡುಗ, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವನು. "ನೀರು ಬಿಟ್ಟಿಲ್ಲ ಸರ್, ಕಾಯ್ಬೇಕು" ಅಂದ. ಒಂಬತ್ತಾಯಿತು, ಹತ್ತಾಯಿತು. ನಮ್ಮಲ್ಲೊಬ್ಬ "ದುಡ್ಡು ಕೊಟ್ಟಿದ್ದೀವಿ, ಇರೋ ನೀರಲ್ಲೇ ಬಿಡ್ರಿ" ಅಂತ ಜೋರು ಮಾಡಿದ. ಆ ಒಬ್ಬ ನಾನೇ. ಆ ಹುಡುಗ ವಾದ ಮಾಡಲಿಲ್ಲ. ದಡದ ಒಂದು ಬಂಡೆ ತೋರಿಸಿ, "ಆ ಕಲ್ಲಿನ ಮೇಲಿನ ಗೆರೆ ಮುಳುಗಿದ ಮೇಲೆ ಹೋಗೋಣ್ರಿ" ಅಂದ, ಅಷ್ಟೇ.

ನದಿಗೆ ನೀರು ಬಿಡೋದು ಯಾರು? ಮಳೆ ತಾನೇ? ಇಲ್ಲ. ಇಲ್ಲಿ ವಿಷಯ ಬೇರೆ ಇದೆ ನೋಡಿ.

ಕಾಳಿ ಜೋಯಿಡಾದ ಡಿಗ್ಗಿ ಹತ್ತಿರ ಹುಟ್ಟಿ, 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತೆ. ಉತ್ತರ ಕನ್ನಡ ಜಿಲ್ಲೆಯಲ್ಲೇ ಹುಟ್ಟಿ ಅಲ್ಲೇ ಮುಗಿಯುವ ನದಿ. ಗಣೇಶಗುಡಿಯಲ್ಲಿ ಅದಕ್ಕೆ ಅಡ್ಡಲಾಗಿ ಸೂಪಾ ಅಣೆಕಟ್ಟು ನಿಂತಿದೆ. 101 ಮೀಟರ್ ಎತ್ತರ, 332 ಮೀಟರ್ ಉದ್ದ. ಹಳೇ ಸೂಪಾ ಊರೇ ಆ ನೀರಿನಡಿ ಇದೆ. ತಾಲೂಕಿಗೆ ಮೊದಲು ಇದ್ದ ಹೆಸರೂ ಸೂಪಾ ಅಂತಲೇ. ಅಣೆಕಟ್ಟಿನ ಬುಡದಲ್ಲಿ ವಿದ್ಯುತ್ ಕೇಂದ್ರವಿದೆ. 50 ಮೆಗಾವ್ಯಾಟ್‌ನ 2 ಯಂತ್ರಗಳು. ಅವು ತಿರುಗಿದರೆ ಕೆಳಗಡೆ ನದಿ, ನಿಂತರೆ ಬರೀ ಕಲ್ಲು. ಮಳೆಗಾಲದಲ್ಲಿ ಬಿದ್ದ ನೀರನ್ನೆಲ್ಲ ಅಣೆಕಟ್ಟು ಹಿಡಿದಿಟ್ಟುಕೊಳ್ಳುತ್ತೆ, ಬೇಸಿಗೆಯಲ್ಲಿ ಕರೆಂಟಿಗಾಗಿ ಬಿಡುತ್ತೆ. ಊರಿನ ಬೇರೆ ಹೊಳೆಗಳು ಏಪ್ರಿಲ್‌ನಲ್ಲಿ ಒಣಗಿ ಬಿದ್ದಿರುವಾಗ ಇಲ್ಲಿ ದೋಣಿ ನಡೆಯೋದು ಅದಕ್ಕೇ. ಇದು ಪಂಚಾಂಗ ಕೇಳುವ ನದಿ ಅಲ್ಲ, ಕರೆಂಟ್ ಬೇಡಿಕೆ ಕೇಳುವ ನದಿ. ರಾಜ್ಯದ ವಿದ್ಯುತ್ ಹಂಚಿಕೆ ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್ ಕೇಂದ್ರ ಇರೋದು ಬೆಂಗಳೂರಿನಲ್ಲಿ. ನೀವು ಮನೆಯಲ್ಲಿ ಗೀಸರ್ ಹಾಕ್ತೀರಿ, ನಾನು ಸ್ಟುಡಿಯೋದಲ್ಲಿ ಎಸಿ ಹಾಕ್ತೀನಿ, ನಾಲ್ಕುನೂರು ಕಿಲೋಮೀಟರ್ ಆಚೆ ಒಂದು ಹೊಳೆ ಏರುತ್ತೆ.

ಎಷ್ಟು ಏರುತ್ತೆ? ಕಾಯುತ್ತಾ ಕೂತಾಗ ಬೇರೆ ಕೆಲಸ ಇರಲಿಲ್ಲ, ಮೊಬೈಲ್‌ನಲ್ಲಿ ಲೆಕ್ಕ ಹಾಕಿದೆ. ಜಲಾಶಯದ ಮಟ್ಟಕ್ಕೂ ಕೆಳಗಿನ ನದಿಗೂ 70 ಮೀಟರ್ ವ್ಯತ್ಯಾಸ ಇದೆ ಅಂತ ಇಟ್ಟುಕೊಳ್ಳಿ, ಯಂತ್ರದ ದಕ್ಷತೆ ಶೇಕಡ 90 ಅಂತ ಇಟ್ಟುಕೊಳ್ಳಿ. 50 ಮೆಗಾವ್ಯಾಟ್ ತೆಗೆಯಬೇಕಾದರೆ ಸೆಕೆಂಡಿಗೆ ಸುಮಾರು 80 ಘನ ಮೀಟರ್ ನೀರು ಬೇಕು. ಅಂದ್ರೆ ಪ್ರತಿ ಸೆಕೆಂಡಿಗೆ 80 ಟನ್. ಬೆಂಗಳೂರಿನ ಭಾಷೆಯಲ್ಲಿ ಹೇಳೋದಾದ್ರೆ 6,000 ಲೀಟರ್‌ನ ಹದಿಮೂರು ಟ್ಯಾಂಕರ್, ಒಂದು ಚಿಟಿಕೆ ಹೊಡೆಯೋದರಲ್ಲಿ ಖಾಲಿ! ನಾನು ಟಿವಿಯಲ್ಲಿ ಓದುವ ಲೆಕ್ಕದಲ್ಲಿ 2,800 ಕ್ಯೂಸೆಕ್ ಆಸುಪಾಸು. ಇದು ಒಂದೇ ಯಂತ್ರದ ಮಾತು. ಎರಡನೆಯದನ್ನೂ ಚಾಲೂ ಮಾಡಿದರೆ ನದಿ ದುಪ್ಪಟ್ಟು. ಆಕಾಶದಲ್ಲಿ ಒಂದು ಮೋಡ ಇರೋದಿಲ್ಲ, ಗುಡುಗು ಇಲ್ಲ, ಮುನ್ಸೂಚನೆ ಇಲ್ಲ. ನಾನು ಜೋರು ಮಾಡಿದಂತೆ "ಇರೋ ನೀರಲ್ಲೇ" ಇಳಿದು, ಬಂಡೆಗಳ ನಡುವೆ ಸಿಕ್ಕಿಕೊಂಡು ತಿಣುಕಾಡುತ್ತಿರುವಾಗ ಆ ನೀರು ಬಂದಿದ್ದರೆ?

ನೀರಿನ ಒತ್ತಡದ ಬಗ್ಗೆ ನಮಗೆಲ್ಲ ಒಂದು ತಪ್ಪು ಅಂದಾಜಿದೆ. ವೇಗ ಎರಡು ಪಟ್ಟಾದರೆ ಒತ್ತಡ ಎರಡು ಪಟ್ಟು ಅಂದುಕೊಳ್ತೀವಿ. ಅಲ್ಲ, ನಾಲ್ಕು ಪಟ್ಟು. ಮೂರು ಮೀಟರ್ ಉದ್ದದ ಕಯಾಕ್ ಒಂದು ಬಂಡೆಗೆ ಅಡ್ಡಲಾಗಿ ಬಡಿದು ನಿಂತಿದೆ ಅನ್ನಿ. ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ, ಅಂದ್ರೆ ನಿಧಾನ ನಡಿಗೆಯಷ್ಟು ವೇಗದಲ್ಲಿ ಬರ್ತಿದ್ದರೆ ದೋಣಿಯ ಮೇಲೆ ಬೀಳೋದು ಸುಮಾರು 45 ಕಿಲೋ ಭಾರ. ತಳ್ಳಿ ಬಿಡಿಸಿಕೊಳ್ಳಬಹುದು. ಎರಡು ಮೀಟರ್ ಆದರೆ 180 ಕಿಲೋ. ಮೂರು ಮೀಟರ್ ಆದರೆ 400 ಕಿಲೋ, ನಾಲ್ಕು ಜನ ಸೇರಿದರೂ ಅಲ್ಲಾಡಿಸೋಕೆ ಆಗಲ್ಲ. ಮಜಾ ಏನಂದ್ರೆ, ಬಂಡೆ ಹತ್ತಿರ ಬಂದಾಗ ನಮ್ಮ ಮೈ ತಾನಾಗಿ ಬಂಡೆಯಿಂದ ಆಚೆಗೆ ವಾಲುತ್ತೆ. ಅದೇ ತಪ್ಪು. ಆಚೆ ವಾಲಿದರೆ ನೀರು ಬರುವ ಕಡೆಯ ಅಂಚು ತಗ್ಗುತ್ತೆ, ನೀರು ಒಳಗೆ ನುಗ್ಗುತ್ತೆ, ದೋಣಿ ಮಗುಚುತ್ತೆ. ಬಂಡೆಯ ಕಡೆಗೇ ವಾಲಿ, ಅದನ್ನ ತಬ್ಬಿಕೊಳ್ಳಬೇಕು. ಗೈಡ್ ಇದನ್ನ ದಡದಲ್ಲೇ ಮೂರು ಸಲ ಹೇಳಿದ್ದ. ಮೂರು ಸಲವೂ ನಾನು ಸೆಲ್ಫಿ ತೆಗೀತಿದ್ದೆ.

ಹನ್ನೊಂದರ ಸುಮಾರಿಗೆ ನೀರು ಬಂತು. ಸಿನಿಮಾದಲ್ಲಿ ಬರುವಂತೆ ಗೋಡೆಯಾಗಿ ಬರಲಿಲ್ಲ. ಸದ್ದು ಬದಲಾಯಿತು, ಸಣ್ಣ ಕಲ್ಲುಗಳು ಒಂದೊಂದಾಗಿ ಕಾಣೆಯಾದವು, ಆಮೇಲೆ ಆ ಗೆರೆಯೂ ಮುಳುಗಿತು.

ಇಳಿಯೋದಕ್ಕೆ ಮುಂಚೆ ಒಂದು ಸಣ್ಣ ವಿವರ, ಯಾಕಂದ್ರೆ ಇದನ್ನ ಬಹಳ ಜನ ಕೇಳ್ತಾರೆ. ಕಯಾಕ್‌ನಲ್ಲಿ ಕಾಲು ಚಾಚಿ ಕೂರೋದು, ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಕನೂ ಅಂದ್ರೆ ಮೇಲೆ ಪೂರ್ತಿ ತೆರೆದ ದೋಣಿ, ಮೊಣಕಾಲೂರಿ ಅಥವಾ ಹಲಗೆ ಮೇಲೆ ಕೂತು ಒಂದೇ ಅಲಗಿನ ಹುಟ್ಟು ಹಾಕೋದು. ನಮ್ಮ ಕಡೆ ಬಾಡಿಗೆಗೆ ಸಿಗೋದು ಹೆಚ್ಚಾಗಿ ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್. ಮಗುಚಿದರೆ ಒಳಗೆ ಸಿಕ್ಕಿಕೊಳ್ಳುವ ಭಯ ಇಲ್ಲ, ಹೊಸಬರಿಗೆ ಅದೇ ಸರಿ.

ಗುಂಪು ಇಳಿದಿದ್ದು ಹೇಗೆ ಗೊತ್ತಾ? ಮುಂದೆ ಒಬ್ಬ ಗೈಡ್, ಅವನನ್ನ ಯಾರೂ ದಾಟಬಾರದು. ಕೊನೆಯಲ್ಲಿ ಇನ್ನೊಬ್ಬ, ಅವನ ಹಿಂದೆ ಯಾರೂ ಉಳಿಯಬಾರದು. ನಡುವೆ ನಾವು, ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಾಣುತ್ತಿದ್ದಾರಾ ಅಂತ ನೋಡಿಕೊಳ್ಳಬೇಕು. ಮುಂದಿನವರನ್ನಲ್ಲ, ಹಿಂದಿನವರನ್ನ. ಮುಳುಗುವವರು ಕೂಗಿ ಕರೆಯೋದು ಸಿನಿಮಾದಲ್ಲಿ ಮಾತ್ರ, ನಿಜದಲ್ಲಿ ಸದ್ದಿಲ್ಲದೆ ಹಿಂದೆ ಬೀಳ್ತಾರೆ. ನೀರಿನ ಸದ್ದಿನಲ್ಲಿ ಮಾತು ಕೇಳಲ್ಲ, ಅದಕ್ಕೇ ಸೀಟಿ. ಒಂದು ಸಲ ಊದಿದರೆ ಇತ್ತ ನೋಡು, ಮೂರು ಸಲ ಊದಿದರೆ ಅಪಾಯ. ಹುಟ್ಟನ್ನ ಅಡ್ಡ ಹಿಡಿದರೆ ನಿಲ್ಲು, ನೆಟ್ಟಗೆ ಹಿಡಿದರೆ ಬಾ. ಕೈ ತೋರಿಸುವಾಗ ಯಾವಾಗಲೂ ಹೋಗಬೇಕಾದ ದಾರಿಯನ್ನೇ ತೋರಿಸಬೇಕು, ಅಪಾಯವನ್ನ ತೋರಿಸಬಾರದು. ಯಾಕಂದ್ರೆ ಗಾಬರಿಯಲ್ಲಿರುವವನು ಕೈ ಎತ್ತ ಇದೆಯೋ ಅತ್ತಲೇ ಹೋಗ್ತಾನೆ.

ಎರಡನೇ ತಿರುವಿನಲ್ಲಿ ನಾನು ಮಗುಚಿದೆ. ಬಂಡೆ ಬಂತು, ಆಚೆಗೆ ವಾಲಿದೆ, ಮುಗೀತು. ತಲೆ ಮೇಲೆ ಬಂದಾಗ ನೀರು ಎದೆಮಟ್ಟ ಅಷ್ಟೇ ಇದೆ ಅನ್ನಿಸಿತು. ಎದ್ದು ನಿಲ್ಲೋಕೆ ಹೋದೆ. ಹಿಂದಿದ್ದ ಹುಡುಗ ಜೀವ ಹೋಗುವಂತೆ ಕಿರುಚಿದ: "ನಿಲ್ಲಬ್ಯಾಡ್ರೀ ಸರ್! ಕಾಲು ಮ್ಯಾಲೆ!"

ಯಾಕೆ? ಹರಿಯುವ ನೀರಿನಲ್ಲಿ ನಿಂತರೆ ಪಾದ ಎರಡು ಕಲ್ಲಿನ ಸಂದಿಗೆ ಹೋಗುತ್ತೆ. ಹಿಂದಿನಿಂದ ನೀರು ಮೈಯನ್ನ ಮುಂದಕ್ಕೆ ದಬ್ಬುತ್ತೆ. ಕಾಲು ಅಲ್ಲೇ, ದೇಹ ಮುಂದೆ ಬಾಗಿ ಮುಖ ನೀರಿನೊಳಗೆ. ಲೈಫ್ ಜಾಕೆಟ್ ಇದ್ದರೂ ಅಷ್ಟೇ, ಸೊಂಟದ ಆಳ ಇದ್ದರೂ ಅಷ್ಟೇ. ಈಜು ಬಂದರೆ ಸಾಕು ಅನ್ನುವವರಿಗೆ ನನ್ನ ಉತ್ತರ ಇದು. ಅಂಗಾತ ಮಲಗಬೇಕು, ಕಾಲುಬೆರಳು ನೀರಿನ ಮೇಲೆ ಕಾಣಬೇಕು, ಪಾದ ಹರಿವಿನ ದಿಕ್ಕಿಗೆ ಇರಬೇಕು. ಎದುರಾದ ಕಲ್ಲನ್ನ ಕಾಲಲ್ಲಿ ತಳ್ಳಬೇಕು. ನಾನು ಹಾಗೇ ತೇಲುತ್ತಾ ಹೋದೆ. ಮುಂದಿದ್ದವನು ದಡದಿಂದ ಹಗ್ಗದ ಚೀಲ ಎಸೆದ. ಹಗ್ಗ ಹಿಡಿದುಕೊಳ್ಳಬೇಕೇ ಹೊರತು ಕೈಗೆ ಸುತ್ತಿಕೊಳ್ಳಬಾರದು, ಅದನ್ನೂ ಹೇಳಿದ್ದ. ಪುಣ್ಯಕ್ಕೆ ಆಗ ನನ್ನ ಫೋನಿನ ಚಾರ್ಜ್ ಮುಗಿದಿತ್ತು, ಕೇಳಿಸಿಕೊಂಡಿದ್ದೆ.

ನಮ್ಮ ದಾರಿಯಲ್ಲಿ ಇರಲಿಲ್ಲ, ಆದರೆ ಹೇಳದೇ ಬಿಡಲಾಗದ ಇನ್ನೊಂದು ಸಂಗತಿ ಇದೆ. ಮಲೆನಾಡು, ಕರಾವಳಿಯ ಹೊಳೆಗಳಿಗೆ ಹೋಗುವವರು ಕಿಂಡಿ ಅಣೆಕಟ್ಟುಗಳನ್ನ ನೋಡಿರ್ತೀರಿ. ಒಂದಾಳು ಎತ್ತರ ಕೂಡ ಇರಲ್ಲ, ಹಲಗೆ ಹಾಕಿದ ಮೇಲೆ ನೀರು ತೆಳ್ಳಗೆ ಮೇಲಿಂದ ಜಾರುತ್ತೆ. ಮೇಲಿನಿಂದ ಬರುವ ದೋಣಿಯವನಿಗೆ ಅದು ಬರೀ ಒಂದು ನೇರ ಗೆರೆ. ಆದರೆ ಬಿದ್ದ ನೀರು ತಳಕ್ಕೆ ಹೋಗಿ, ಸ್ವಲ್ಪ ದೂರದಲ್ಲಿ ಮೇಲೆದ್ದು, ಮೇಲ್ಮೈಯಲ್ಲಿ ವಾಪಸ್ ಗೋಡೆಯ ಕಡೆಗೇ ಹರಿಯುತ್ತೆ. ವಾಷಿಂಗ್ ಮೆಷಿನ್ ಇದ್ದ ಹಾಗೆ. ಬಿದ್ದವನನ್ನ ಗೋಡೆಗೆ ಎಳೆಯುತ್ತೆ, ಮುಳುಗಿಸುತ್ತೆ, ಎಬ್ಬಿಸುತ್ತೆ, ಮತ್ತೆ ಎಳೆಯುತ್ತೆ. ಆ ನೀರಿನಲ್ಲಿ ಗಾಳಿಗುಳ್ಳೆ ತುಂಬಿರೋದರಿಂದ ಲೈಫ್ ಜಾಕೆಟ್ ತೇಲಿಸುವ ಶಕ್ತಿಯೂ ಕಡಿಮೆ. ರಕ್ಷಣಾ ಪಡೆಯವರು ಇಂಥದ್ದನ್ನ ಮುಳುಗಿಸುವ ಯಂತ್ರ ಅಂತಲೇ ಕರೀತಾರೆ. ಹೊಳೆಗೆ ಅಡ್ಡಲಾಗಿ ನೇರ ಗೆರೆ ಕಂಡರೆ ದಡಕ್ಕೆ ಹೋಗಿ, ದೋಣಿ ಹೊತ್ತುಕೊಂಡು ದಾಟಿ. ಇದರಲ್ಲಿ ಅವಮಾನ ಏನೂ ಇಲ್ಲ.

ಇಷ್ಟೆಲ್ಲ ರಗಳೆ ಬೇಡ, ಶಾಂತವಾಗಿ ಹೋಗ್ತೀವಿ ಅನ್ನುವವರಿಗೆ ಉಡುಪಿ ಕಡೆ ಸೀತಾ, ಸ್ವರ್ಣಾ ನದಿಗಳ ಅಳಿವೆ ಇದೆ, ಕಾಂಡ್ಲಾ ಕಾಡಿನ ನಡುವೆ ಕಯಾಕ್ ಹೋಗುತ್ತೆ. ಅಲ್ಲಿ ಸ್ವಿಚ್ ಇರೋದು ಚಂದ್ರನ ಕೈಲಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಇಳಿತದಲ್ಲಿ ಸಮುದ್ರದ ಕಡೆಗೆ ಹೋಗೋದು ಸುಲಭ, ವಾಪಸ್ ಬರೋದು ಕಷ್ಟ. ಹೊರಡೋ ಸಮಯ ನಿಮ್ಮ ತಿಂಡಿ ನೋಡಿ ಅಲ್ಲ, ಉಬ್ಬರ ನೋಡಿ ಗೊತ್ತು ಮಾಡಿ.

ದುಡ್ಡು ಕೊಡುವ ಮುಂಚೆ ಈಗ ನಾನು ಕೇಳೋದು ಇಷ್ಟೇ. ಇವತ್ತು ನೀರು ಎಷ್ಟು, ಬದಲಾದರೆ ನಿಮಗೆ ಯಾರು ತಿಳಿಸ್ತಾರೆ? ಕೊನೆಯಲ್ಲಿ ಬರೋದು ಯಾರು? ಹಗ್ಗ ಎಲ್ಲಿದೆ, ತೋರಿಸಿ. ಜಾಕೆಟ್‌ನ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡ್ತೀನಿ, ಕಿವಿವರೆಗೆ ಬಂದರೆ ಅದು ನನ್ನ ಅಳತೆ ಅಲ್ಲ. ಉತ್ತರ ತಡವರಿಸಿದರೆ ಟೀ ಕುಡಿದು ವಾಪಸ್. "ಇವತ್ತು ಆಗಲ್ಲ" ಅಂತ ಹೇಳುವ ಗೈಡ್ ಸಿಕ್ಕರೆ ಅವನ ನಂಬರ್ ಇಟ್ಟುಕೊಳ್ತೀನಿ.

ಆ ದಿನ ಕೊನೆಯಲ್ಲಿ ದಡ ಹತ್ತಿದ ಮೇಲೆ ಆ ಹುಡುಗ ನಮ್ಮನ್ನ ಎಣಿಸಿದ. ಹತ್ತು. ಮತ್ತೆ ಎಣಿಸಿದ, ಹತ್ತೇ. ಅವನ ಮುಖ ಬಿಳಿಚಿಕೊಂಡಿತು, ಹುಟ್ಟು ಎತ್ತಿಕೊಂಡು ನೀರಿನ ಕಡೆ ಓಡಿದ. ಹನ್ನೊಂದನೆಯವನು ಟೀ ಅಂಗಡಿ ಹುಡುಕಿಕೊಂಡು ಹೇಳದೇ ಕೇಳದೇ ರಸ್ತೆಗೆ ಹೋಗಿದ್ದ. ಕೈಯಲ್ಲಿ ಬಜ್ಜಿ ಹಿಡಿದುಕೊಂಡು ಬಂದ. ನಾವೆಲ್ಲ ನಕ್ಕುಬಿಟ್ವಿ. ಗೈಡ್ ನಗಲಿಲ್ಲ. ಹುಟ್ಟು ಕೆಳಗಿಟ್ಟು, ಮೊದಲಿನಿಂದ ಇನ್ನೊಂದು ಸಲ ಎಣಿಸಿದ.