ಗ್ರೂಪ್ ಬಿಗಿಯಾಗಿದ್ದರೆ ಸ್ಕ್ರೂ, ಚದುರಿದ್ದರೆ ಕೈ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನಲ್ಲಿ ಭಾರತದ ಸರಬ್ಜೋತ್ ಸಿಂಗ್ 577 ಅಂಕ ಗಳಿಸಿದರು. ಎಂಟನೆಯ ಸ್ಥಾನ ಪಡೆದ ಜರ್ಮನಿಯ ಶೂಟರ್‌ಗೂ ಬಂದದ್ದು ಅಷ್ಟೇ ಅಂಕ. ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತದ ನಡುವೆ ಇನ್ನೊಂದು ಪುಟ್ಟ ವೃತ್ತವಿದೆ, ವ್ಯಾಸ 5 ಮಿಲಿಮೀಟರ್. ಆ ಒಳಗಿನ ಹತ್ತುಗಳು ಜರ್ಮನಿಯವರಿಗೆ 17, ಸರಬ್ಜೋತ್‌ಗೆ 16. ಅಂಕ ಸಮವಾದ್ದರಿಂದ ಆ ಒಂದರ ಅಂತರದಲ್ಲೇ ಫೈನಲ್ ಕೈತಪ್ಪಿತು. ಮೂರು ದಿನಗಳ ನಂತರ ಮನು ಭಾಕರ್ ಜೊತೆಗೂಡಿ ಅವರು ಮಿಶ್ರ ತಂಡದ ಕಂಚು ಗೆದ್ದರು ಎಂಬುದು ಸಂತೋಷದ ವಿಷಯ. ಆದರೆ ಗುಂಡುಗಳ ಗುಂಪು ಮಧ್ಯದಿಂದ ಒಂದೆರಡು ಮಿಲಿಮೀಟರ್ ಸರಿದರೂ ಈ ಆಟದಲ್ಲಿ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ರೇಂಜಿಗೆ ಹೊಸದಾಗಿ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ಗುಂಡು ಎಡಕ್ಕೆ ಹೋಗುತ್ತಿದೆ, ಸೈಟ್ ತಿರುಗಿಸಲೇ? ಒಂದು ಗುಂಡು ನೋಡಿ ಇದಕ್ಕೆ ಉತ್ತರ ಕೊಡಲಾಗದು. ಏನನ್ನೂ ಬದಲಿಸದೆ, ಒಂದೇ ರೀತಿ ಗುರಿಯಿಟ್ಟು, ಐದು ಗುಂಡು ಹೊಡೆಯಿರಿ. ಹತ್ತಾದರೆ ಇನ್ನೂ ಒಳ್ಳೆಯದು. ರಂಧ್ರಗಳು ಒಂದೆಡೆ ಒತ್ತಾಗಿ ಬಿದ್ದು, ಆ ಗ್ರೂಪ್ ಮಾತ್ರ ಮಧ್ಯದಿಂದ ಸರಿದಿದ್ದರೆ ಕೈ ತನ್ನ ಕೆಲಸ ಮಾಡಿದೆ, ಸೈಟ್ ಸರಿಪಡಿಸಬೇಕು. ರಂಧ್ರಗಳು ಅಲ್ಲಲ್ಲಿ ಚದುರಿದ್ದರೆ ಸ್ಕ್ರೂ ಮುಟ್ಟಬೇಡಿ. ಚದುರಿದ ಗ್ರೂಪನ್ನು ಸ್ಕ್ರೂನಿಂದ ಬಿಗಿ ಮಾಡಲು ಆಗುವುದಿಲ್ಲ, ಅದನ್ನು ಬೇರೆ ಕಡೆಗೆ ಸಾಗಿಸಬಹುದು ಅಷ್ಟೇ. ನಾಲ್ಕು ಒಂದೆಡೆ ಬಿದ್ದು ಐದನೆಯದು ದೂರ ಹೋಗಿದ್ದರೆ ಆ ಐದನೆಯದನ್ನು ಲೆಕ್ಕದಿಂದ ಬಿಡಿ. ಅದು ಕೈಯ ತಪ್ಪು.

ಅಳತೆ ಗೊತ್ತಿದ್ದರೆ ಸೈಟ್ ತಿರುಗಿಸುವುದು ಸುಲಭ. ಹತ್ತರ ವೃತ್ತದ ವ್ಯಾಸ 11.5 ಮಿ.ಮೀ.; ಅಲ್ಲಿಂದಾಚೆ ಪ್ರತಿ ವೃತ್ತವೂ 8 ಮಿ.ಮೀ. ಹೊರಗೆ. ಪೆಲೆಟ್ 4.5 ಮಿ.ಮೀ. ದಪ್ಪವಿದ್ದು, ಅದರ ಅಂಚು ಗೆರೆಗೆ ತಾಗಿದರೂ ಮೇಲಿನ ಅಂಕವೇ ಸಿಗುತ್ತದೆ. ಹಾಗಾಗಿ ಪೆಲೆಟ್ಟಿನ ನಡುಬಿಂದು ಟಾರ್ಗೆಟ್ಟಿನ ಕೇಂದ್ರದಿಂದ 8 ಮಿ.ಮೀ. ದೂರವಿದ್ದರೂ ಹತ್ತೇ. ನಿಮ್ಮ ಗ್ರೂಪಿನ ಮಧ್ಯ 12 ಮಿ.ಮೀ. ಎಡಕ್ಕೆ, 8 ಮಿ.ಮೀ. ಕೆಳಗೆ ಬಿದ್ದಿದೆ ಎಂದುಕೊಳ್ಳಿ. ಕೇಂದ್ರದಿಂದ ಸುಮಾರು 14 ಮಿ.ಮೀ. ಆಯಿತು. ಎಷ್ಟೇ ಚೆನ್ನಾಗಿ ಹೊಡೆದರೂ ಬರುವುದು ಒಂಬತ್ತು, ನಡುನಡುವೆ ಎಂಟು. ಅದೇ ಗ್ರೂಪ್ ಮಧ್ಯಕ್ಕೆ ಬಂದರೆ ಎಲ್ಲವೂ ಹತ್ತು.

ಗುಂಡು ಎತ್ತ ಹೋಗಬೇಕೋ ಅತ್ತ ಹಿಂದಿನ (ರಿಯರ್) ಸೈಟ್ ಸರಿಯಬೇಕು. ಬಲಕ್ಕೆ ಬೇಕಿದ್ದರೆ ಬಲಕ್ಕೆ, ಮೇಲಕ್ಕೆ ಬೇಕಿದ್ದರೆ ಮೇಲಕ್ಕೆ. ಗೊಂದಲ ಹುಟ್ಟುವುದು ಸ್ಕ್ರೂ ಮೇಲಿನ ಬಾಣದ ಗುರುತಿನಲ್ಲಿ. ಕೆಲವು ಕಂಪನಿಗಳ ಗುರುತು ಗುಂಡು ಹೋಗಬೇಕಾದ ದಿಕ್ಕನ್ನು ಹೇಳುತ್ತದೆ. ಇನ್ನು ಕೆಲವು, ಯುರೋಪಿನವು ಹೆಚ್ಚಾಗಿ, ಗುಂಡು ಈಗ ಎತ್ತ ಬೀಳುತ್ತಿದೆಯೋ ಅತ್ತ ತಿರುಗಿಸಿ ಎನ್ನುತ್ತವೆ. ಆದ್ದರಿಂದ ಕೈಪಿಡಿ ಓದಿ, ಓದಿದ ಮೇಲೂ ಹೊಡೆದು ಖಚಿತಪಡಿಸಿಕೊಳ್ಳಿ. ಒಂದು ಗ್ರೂಪ್ ಹೊಡೆಯಿರಿ, ಒಂದೇ ದಿಕ್ಕಿಗೆ ಹತ್ತು ಕ್ಲಿಕ್ ತಿರುಗಿಸಿ, ಮತ್ತೊಂದು ಗ್ರೂಪ್ ಹೊಡೆಯಿರಿ. ಎರಡರ ನಡುವಿನ ದೂರವನ್ನು ಹತ್ತರಿಂದ ಭಾಗಿಸಿದರೆ ನಿಮ್ಮ ಪಿಸ್ತೂಲಿನ ಒಂದು ಕ್ಲಿಕ್ ಎಷ್ಟು ಎಂಬುದು ತಿಳಿಯುತ್ತದೆ. ಅದನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡಿ. ಸ್ನೇಹಿತರ ಪಿಸ್ತೂಲಿನ ಸೆಟ್ಟಿಂಗ್ ನಿಮಗೆ ಹೊಂದುವುದಿಲ್ಲ. ಏರ್ ಪಿಸ್ತೂಲಿನಲ್ಲಿ ಕಪ್ಪು ವೃತ್ತದ ಕೆಳಗಿನ ಬಿಳಿ ಜಾಗದಲ್ಲಿ ಗುರಿಯಿಡುವುದು ರೂಢಿ. ಎಷ್ಟು ಬಿಳಿ ಬಿಡುತ್ತಾರೆ ಎಂಬುದು ಒಬ್ಬೊಬ್ಬರಿಗೂ ಬೇರೆ, ಸೆಟ್ಟಿಂಗ್ ಹೊಂದದಿರುವುದು ಅದಕ್ಕೇ.

ಇನ್ನು ಕೈಯ ವಿಚಾರ. ಇಲ್ಲಿ ಒಂದು ಲೆಕ್ಕವನ್ನು ಪ್ರತಿಯೊಬ್ಬ ಶೂಟರ್ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವೆ 33 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಳ್ಳೋಣ. ಮುಂದಿನ (ಫ್ರಂಟ್) ಸೈಟ್ ಹಿಂದಿನ ಸೈಟಿನ ನಾಚ್‌ನೊಳಗೆ 1 ಮಿ.ಮೀ. ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 30 ಮಿ.ಮೀ. ಆಚೆ ಬೀಳುತ್ತದೆ, ಹೆಚ್ಚುಕಡಿಮೆ ನಾಲ್ಕು ವೃತ್ತ. ಅದೇ ಎರಡು ಸೈಟ್‌ಗಳೂ ಸರಿಯಾಗಿ ಹೊಂದಿಕೊಂಡು ಇಡೀ ಪಿಸ್ತೂಲ್ 5 ಮಿ.ಮೀ. ಪಕ್ಕಕ್ಕೆ ತೇಲಿದರೆ ಗುಂಡೂ 5 ಮಿ.ಮೀ. ಮಾತ್ರ ಸರಿಯುತ್ತದೆ, ಹತ್ತು ಉಳಿಯುತ್ತದೆ. ಕೋಚ್‌ಗಳು ಕಣ್ಣು ಫ್ರಂಟ್ ಸೈಟ್ ಮೇಲಿರಲಿ, ಟಾರ್ಗೆಟ್ ಮಸುಕಾಗಲಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ. ತೋಳು ಅಲುಗುತ್ತಲೇ ಇರುತ್ತದೆ. ಆ ಅಲುಗಾಟವನ್ನು ಒಪ್ಪಿಕೊಂಡು, ಸೈಟ್‌ಗಳ ಹೊಂದಾಣಿಕೆ ಕೆಡದಂತೆ ಟ್ರಿಗರ್ ಎಳೆಯುವುದೇ ಅಭ್ಯಾಸದ ತಿರುಳು.

ಹೊಂದಾಣಿಕೆ ಕೆಡುವುದು ಬಹುಪಾಲು ಟ್ರಿಗರ್ ಬಳಿಯೇ. ಬಲಗೈಯವರ ಗುಂಡು ಎಡ-ಕೆಳಕ್ಕೆ ಹೋಗುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಟ್ರಿಗರನ್ನು ತಟ್ಟನೆ ಕಿತ್ತಂತೆ ಎಳೆಯುವುದನ್ನು. ಬೆರಳಿನ ಜೊತೆ ಇಡೀ ಮುಷ್ಟಿಯೂ ಬಿಗಿಯಾಗುತ್ತದೆ. ನೇರ ಕೆಳಕ್ಕಾದರೆ ಮಣಿಕಟ್ಟು ಬಗ್ಗಿದೆ. ಮೇಲಕ್ಕಾದರೆ ಅಂಗೈಯ ಬುಡ ಗ್ರಿಪ್ಪನ್ನು ಮುಂದೆ ತಳ್ಳಿದೆ. ಬಲಕ್ಕಾದರೆ ಹೆಬ್ಬೆರಳು ಒತ್ತುತ್ತಿದೆ. ಎಡಗೈಯವರಿಗೆ ಎಡ-ಬಲ ಅದಲುಬದಲು. ಇದನ್ನೇ ಚಕ್ರದಂತೆ ಬರೆದ ಚಾರ್ಟ್ ಅನೇಕ ರೇಂಜ್‌ಗಳ ಗೋಡೆಯಲ್ಲಿದೆ. ಅದನ್ನು ಸುಳಿವಾಗಿ ಮಾತ್ರ ತೆಗೆದುಕೊಳ್ಳಿ. ಸೈಟೇ ತಪ್ಪಿದ್ದ ಪಿಸ್ತೂಲ್ ಹಿಡಿದು ಹೆಬ್ಬೆರಳನ್ನು ತಿಂಗಳುಗಟ್ಟಲೆ ಶಂಕಿಸುವ ಹುಡುಗರನ್ನು ಕಂಡರೆ ಸಂಕಟವಾಗುತ್ತದೆ.

ತಪ್ಪು ಕೈಯದೇ ಎಂದು ಪರೀಕ್ಷಿಸಲು ಡ್ರೈ ಫೈರ್‌ಗಿಂತ, ಅಂದರೆ ಗುಂಡಿಲ್ಲದೆ ಟ್ರಿಗರ್ ಎಳೆಯುವುದಕ್ಕಿಂತ, ಒಳ್ಳೆಯ ಉಪಾಯವಿಲ್ಲ. ಪಿಸ್ತೂಲ್ ಖಾಲಿ ಇದೆಯೆಂದು ಎರಡು ಸಲ ನೋಡಿ, ನಳಿಗೆಯ ಬಾಯಿ ಟಾರ್ಗೆಟ್ ಕಡೆಗೇ ಇರಲಿ, ಬಿಳಿ ಹಾಳೆಯ ಮುಂದೆ ನಿಂತು ಟ್ರಿಗರ್ ಎಳೆಯಿರಿ. ಕ್ಲಿಕ್ ಎಂದ ಕ್ಷಣ ಫ್ರಂಟ್ ಸೈಟ್ ನೆಗೆದರೆ ಅದು ನೆಗೆದ ದಿಕ್ಕೇ ನಿಮ್ಮ ಗುಂಡಿನ ದಿಕ್ಕು. ಟ್ರಿಗರಿನ ತೂಕ ಕನಿಷ್ಠ 500 ಗ್ರಾಂ ಇರಬೇಕೆಂಬ ನಿಯಮವಿದೆ. ಅದರ ಹೆಚ್ಚಿನ ಪಾಲನ್ನು ಮೊದಲ ಹಂತದಲ್ಲೇ ಎಳೆದಿಟ್ಟುಕೊಂಡು, ಉಳಿದದ್ದನ್ನು ನೇರ ಹಿಂದಕ್ಕೆ, ಬೆರಳ ತುದಿಯ ಮೆತ್ತೆಯಿಂದ ಒತ್ತಿ. ಗುಂಡು ಹೊರಟ ಮೇಲೂ ಸೈಟ್ ನೋಡುತ್ತಾ ಒಂದೆರಡು ಸೆಕೆಂಡ್ ಹಾಗೆಯೇ ನಿಲ್ಲಿ.

ಕೆಲವೊಮ್ಮೆ ಗ್ರೂಪ್ ಅಡ್ಡಕ್ಕೆ ಉದ್ದವಾಗುತ್ತದೆ. ಆಗ ಪಾದ ನೋಡಿಕೊಳ್ಳಿ. ಕಣ್ಣು ಮುಚ್ಚಿ ತೋಳೆತ್ತಿ, ಕಣ್ಣು ತೆರೆಯಿರಿ. ಪಿಸ್ತೂಲ್ ಟಾರ್ಗೆಟ್ಟಿನ ಪಕ್ಕಕ್ಕೆ ನಿಂತಿದ್ದರೆ ತೋಳನ್ನು ಎಳೆಯಬೇಡಿ, ಹಿಂದಿನ ಪಾದವನ್ನು ಸ್ವಲ್ಪ ಸರಿಸಿ. ಪಿಸ್ತೂಲನ್ನು ಬಲಕ್ಕೆ ವಾಲಿಸಿ ಹಿಡಿದರೂ ಗುಂಡು ಬಲಕ್ಕೆ, ತುಸು ಕೆಳಕ್ಕೆ ಹೋಗುತ್ತದೆ. ಗ್ರೂಪ್ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಸಿಲಿಂಡರಿನ ಗಾಳಿಯ ಒತ್ತಡ ನೋಡಿ. ಇದ್ದಕ್ಕಿದ್ದಂತೆ ಎಲ್ಲೆಲ್ಲೋ ಹೋದರೆ ಸೈಟಿನ ಬುಡದ ಸ್ಕ್ರೂ ಸಡಿಲವಾಗಿರಬಹುದು.

ಸ್ಪರ್ಧೆಯ ದಿನ ಸೈಟಿಂಗ್‌ಗೆಂದು ಸಿಗುವುದು 15 ನಿಮಿಷ. ಆಮೇಲೆ 75 ನಿಮಿಷದಲ್ಲಿ 60 ಗುಂಡು, ಎಲ್ಲವೂ ಲೆಕ್ಕಕ್ಕೆ. ಆದ್ದರಿಂದ ಧೈರ್ಯವಾಗಿ ಕ್ಲಿಕ್ ಮಾಡುವ ಸಮಯ ಸೈಟಿಂಗ್. ಐದರ ಗ್ರೂಪ್ ಸರಿದಿದ್ದರೆ ಬೇಕಾದಷ್ಟು ಕ್ಲಿಕ್ ಒಟ್ಟಿಗೇ ಹಾಕಿ, ಒಂದೊಂದಾಗಿ ಅಳುಕುತ್ತಾ ಹಾಕಬೇಡಿ. ನಂತರ ಸ್ಪರ್ಧೆಯ ಮಧ್ಯೆ ನಾಲ್ಕೈದು ಒಳ್ಳೆಯ ಗುಂಡುಗಳು, ನಿಮ್ಮ ಮನಸ್ಸಿಗೆ ಸರಿಯೆನಿಸಿದವು, ಒಂದೇ ಕಡೆ ಸರಿದು ಬಿದ್ದರೆ ಮಾತ್ರ ಸ್ಕ್ರೂಗೆ ಕೈಹಾಕಿ, ಮತ್ತು ಎಷ್ಟು ಕ್ಲಿಕ್, ಯಾವ ಕಡೆಗೆ ಎಂಬುದನ್ನು ಆ ಕೂಡಲೇ ಬರೆದುಕೊಳ್ಳಿ.