ನಿಮಗಿದು ಗೊತ್ತೇ? ಆಲ್ಕೊಹಾಲ್‌ಗಳ ಒಳಗುಟ್ಟು

● ಎಥನಾಲ್ ಮತ್ತು ಡೈಮೀಥೈಲ್ ಈಥರ್ ಎರಡರ ಅಣುವಿನಲ್ಲೂ ಇರುವುದು 2 ಇಂಗಾಲ, 6 ಹೈಡ್ರೋಜನ್, 1 ಆಮ್ಲಜನಕ. ಆದರೆ ಈಥರ್ ಮೈನಸ್ 24 ಡಿಗ್ರಿ ಸೆಲ್ಸಿಯಸ್‌ಗೇ ಕುದ್ದು ಅನಿಲವಾಗುತ್ತದೆ. ಎಥನಾಲ್‌ಗೆ 78 ಡಿಗ್ರಿ ಬೇಕು. ಎಥನಾಲ್‌ನಲ್ಲಿ ಆಮ್ಲಜನಕದ ಜೊತೆ ಒಂದು ಹೈಡ್ರೋಜನ್ ಸೇರಿ ಹೈಡ್ರಾಕ್ಸಿಲ್ ಗುಂಪಾಗಿದೆ. ಈ ಗುಂಪುಗಳು ಹೈಡ್ರೋಜನ್ ಬಂಧದಿಂದ ಅಕ್ಕಪಕ್ಕದ ಅಣುಗಳನ್ನು ಹಿಡಿದಿಡುತ್ತವೆ. ಹೈಡ್ರಾಕ್ಸಿಲ್ ಎಲ್ಲಿ ಕೂತಿದೆ, ಅದರ ನೆರೆಹೊರೆ ಯಾರು ಎಂದು ತಿಳಿದರೆ ಆಲ್ಕೊಹಾಲ್‌ನ ಅರ್ಧ ಜಾತಕ ಓದಿದಂತೆ.

● 50 ಮಿ.ಲೀ. ಎಥನಾಲ್‌ಗೆ 50 ಮಿ.ಲೀ. ನೀರು ಬೆರೆಸಿ ಅಳೆದು ನೋಡಿ. 100 ಬರುವುದಿಲ್ಲ, ಸುಮಾರು 96 ಮಾತ್ರ!

● ಮಂಡ್ಯದಂಥ ಕಬ್ಬಿನ ಸೀಮೆಯಲ್ಲಿ ಎಥನಾಲ್ ಹುಟ್ಟುವುದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ. ಯೀಸ್ಟ್‌ನ ಇನ್ವರ್ಟೇಸ್ ಕಿಣ್ವ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಜೈಮೇಸ್ ಅವನ್ನು ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಎಥನಾಲ್ ಶೇ. 15ರ ಆಸುಪಾಸು ಮುಟ್ಟಿದರೆ ಸಾಮಾನ್ಯ ಯೀಸ್ಟ್ ಅದರಲ್ಲೇ ಸೊರಗಿ ಕೆಲಸ ನಿಲ್ಲಿಸುತ್ತದೆ. ಮುಂದಿನದು ಬಟ್ಟಿ ಇಳಿಸುವ ಕೆಲಸ. ಅದಕ್ಕೂ ಒಂದು ಗಡಿಯಿದೆ: ತೂಕದಲ್ಲಿ ಶೇ. 95.6 ತಲುಪಿದ ಮೇಲೆ ನೀರು, ಎಥನಾಲ್ ಎರಡೂ ಅದೇ ಪ್ರಮಾಣದಲ್ಲಿ ಒಟ್ಟಿಗೇ ಆವಿಯಾಗುತ್ತವೆ. ಎಷ್ಟು ಸಲ ಬಟ್ಟಿ ಇಳಿಸಿದರೂ ಅಷ್ಟೇ. ಪೆಟ್ರೋಲಿಗೆ ಬೆರೆಸುವ ಎಥನಾಲ್‌ನಲ್ಲಿ ಆ ನೀರೂ ಉಳಿಯಬಾರದು. ಅದನ್ನು ಹೀರಲು ಹಿಂದೆ ಸುಟ್ಟ ಸುಣ್ಣ ಹಾಕುತ್ತಿದ್ದರು. ಈಗ ನೀರಿನ ಅಣು ಮಾತ್ರ ನುಸುಳುವಷ್ಟು ಸಣ್ಣ ರಂಧ್ರಗಳ ಜಿಯೋಲೈಟ್ ಹರಳುಗಳಿವೆ.

● ಎಥನಾಲ್‌ಗೆ ಸಾಂದ್ರ ಸಲ್ಫ್ಯೂರಿಕ್ ಆಮ್ಲ ಹಾಕಿ 170 ಡಿಗ್ರಿಗೆ ಕಾಯಿಸಿದರೆ ಮುಖ್ಯವಾಗಿ ಸಿಗುವುದು ಎಥಿಲೀನ್. ಎಥನಾಲ್ ಹೆಚ್ಚಾಗಿಟ್ಟು 140ರಲ್ಲೇ ನಿಲ್ಲಿಸಿದರೆ ಡೈಎಥೈಲ್ ಈಥರ್. ಮೊದಲನೆಯದು ಪಾಲಿಥೀನ್ ಚೀಲದ ಮೂಲವಸ್ತು, ಎರಡನೆಯದು ಒಂದು ಕಾಲದಲ್ಲಿ ಶಸ್ತ್ರಚಿಕಿತ್ಸೆಗೆ ಅರಿವಳಿಕೆ. ನಡುವಿನ ಅಂತರ 30 ಡಿಗ್ರಿ!

● ಪ್ರೊಪೀನ್‌ಗೆ ಆಮ್ಲದ ನೆರವಿನಿಂದ ನೀರು ಕೂಡಿಸಿದರೆ ಹೈಡ್ರಾಕ್ಸಿಲ್ ನಡುವಿನ ಇಂಗಾಲಕ್ಕೆ ಹೋಗುತ್ತದೆ. ಇದು ಮಾರ್ಕೊವ್ನಿಕೊವ್ ನಿಯಮ. ಕೊನೆಯ ಇಂಗಾಲಕ್ಕೇ ಬೇಕೆಂದರೆ? ಮೊದಲು ಡೈಬೋರೇನ್, ಆಮೇಲೆ ಕ್ಷಾರದ ಜೊತೆ ಹೈಡ್ರೋಜನ್ ಪೆರಾಕ್ಸೈಡ್. ಈ ದಾರಿ ತೋರಿಸಿದ ಹರ್ಬರ್ಟ್ ಬ್ರೌನ್‌ಗೆ 1979ರ ನೊಬೆಲ್ ಬಂತು. ಬೋರಾನ್ ಅವರ ಕೈಗೆ ಬಂದ ಬಗೆ ನನಗೆ ಬಹಳ ಇಷ್ಟ. ಪದವಿ ಮುಗಿದಾಗ ಗೆಳತಿ ಸಾರಾ ಕೊಟ್ಟ ಉಡುಗೊರೆ ಬೋರಾನ್ ಹೈಡ್ರೈಡ್‌ಗಳ ಮೇಲಿನ ಪುಸ್ತಕ. ಆರ್ಥಿಕ ಮುಗ್ಗಟ್ಟಿನ ದಿನಗಳು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ರಸಾಯನಶಾಸ್ತ್ರದ ಪುಸ್ತಕ ಅದೇ ಆಗಿತ್ತು. ಸಾರಾ ಮುಂದೆ ಅವರ ಮಡದಿಯಾದರು.

● ಗ್ರಿನ್ಯಾರ್ ಕಾರಕ ಫಾರ್ಮಾಲ್ಡಿಹೈಡ್ ಜೊತೆ ಸೇರಿದರೆ ಪ್ರಾಥಮಿಕ ಆಲ್ಕೊಹಾಲ್, ಬೇರೆ ಆಲ್ಡಿಹೈಡ್ ಆದರೆ ದ್ವಿತೀಯಕ, ಕೀಟೋನ್ ಆದರೆ ತೃತೀಯಕ. ಪಾತ್ರೆಯಲ್ಲಿ ಒಂದಿಷ್ಟು ತೇವವಿದ್ದರೂ ಕಾರಕ ಹಾಳು.

● ಈ ಮೂರನ್ನು ಗುರುತಿಸಲು ಪಿಯುಸಿ ಲ್ಯಾಬಿನಲ್ಲೇ ದಾರಿಯಿದೆ: ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಜಿಂಕ್ ಕ್ಲೋರೈಡ್ ಕರಗಿಸಿದ ಲೂಕಾಸ್ ಕಾರಕ. ತೃತೀಯಕ ಆಲ್ಕೊಹಾಲ್‌ನ ಹನಿ ಬಿದ್ದು ಪ್ರನಾಳ ಅಲುಗಾಡಿಸುವಷ್ಟರಲ್ಲೇ ತಿಳಿಯಾಗಿದ್ದ ದ್ರವ ಹಾಲಿನಂತೆ ಮಸುಕಾಗಿ, ಆಮೇಲೆ ಎರಡು ಪದರವಾಗುತ್ತದೆ. ದ್ವಿತೀಯಕಕ್ಕೆ ಐದು ನಿಮಿಷದಷ್ಟು ತಾಳ್ಮೆ ಬೇಕು. ಪ್ರಾಥಮಿಕ ಮಾತ್ರ ಕೋಣೆಯ ಉಷ್ಣಾಂಶದಲ್ಲಿ ಮಿಸುಕುವುದೇ ಇಲ್ಲ.

● ಟರ್ಷರಿ ಬ್ಯೂಟನಾಲ್ ಸುಮಾರು 25 ಡಿಗ್ರಿಗೇ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಬಾಟಲಿ ಬಗ್ಗಿಸಿದರೆ ಹನಿಯೂ ಬೀಳದು. ಬಿಸಿನೀರಿನಲ್ಲಿ ಕೊಂಚ ಹೊತ್ತು ಇಟ್ಟರೆ ಸಾಕು, ಕರಗುತ್ತದೆ.

● ನೀರಿನ ಮೇಲೆ ತೇಲಿ ಸಿಡಿಯುವ ಸೋಡಿಯಂ ಎಥನಾಲ್‌ನಲ್ಲಿ ಮುಳುಗುತ್ತದೆ! ತಳದಲ್ಲೇ ಕೂತು ಸಣ್ಣಗೆ ಹೈಡ್ರೋಜನ್ ಗುಳ್ಳೆ ಬಿಡುತ್ತಾ ಸೋಡಿಯಂ ಎಥಾಕ್ಸೈಡ್ ಆಗುತ್ತದೆ.

● ಕಿತ್ತಳೆ ಬಣ್ಣದ ಆಮ್ಲೀಯ ಪೊಟ್ಯಾಸಿಯಂ ಡೈಕ್ರೋಮೇಟ್ ಎಥನಾಲ್ ಕಂಡರೆ ಹಸಿರಾಗುತ್ತದೆ. 1954ರಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ ರೂಪಿಸಿದ ಬ್ರೆತಲೈಜರ್, ಕುಡಿದು ಗಾಡಿ ಓಡಿಸಿದವರನ್ನು ಹಿಡಿದದ್ದು ಇದೇ ಬಣ್ಣದ ಬದಲಾವಣೆಯಿಂದ.

● ಮರವನ್ನು ಗಾಳಿಯಾಡದಂತೆ ಕಾಯಿಸಿ ಪಡೆಯುತ್ತಿದ್ದ ಮೆಥನಾಲ್ ಈಗ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್‌ನಿಂದ ತಯಾರಾಗುತ್ತದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರ ಜೀವ ತೆಗೆದ ಕಳ್ಳಭಟ್ಟಿಯಲ್ಲಿ ಬೆರೆತಿದ್ದುದು ಇದೇ. ವಾಸನೆಯಿಂದ ಎಥನಾಲ್ ಯಾವುದು, ಮೆಥನಾಲ್ ಯಾವುದು ಎಂದು ನೆಚ್ಚಿ ಹೇಳಲಾಗದು. ಯಕೃತ್ತಿನ ಕಿಣ್ವ ಮೆಥನಾಲನ್ನು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಮಾಡುತ್ತದೆ. ಕಣ್ಣಿನ ನರವನ್ನು ಕೆಡಿಸುವುದು ಆ ಆಮ್ಲ. ಇದಕ್ಕೆ ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಹಿಡಿಯುವುದರಿಂದ ಕುಡಿದವರು ಮೊದಲಿಗೆ ಚೆನ್ನಾಗಿಯೇ ಇರುತ್ತಾರೆ. ದೃಷ್ಟಿ ಮಂಜಾಗುವವರೆಗೆ ಕಾಯದೆ ಆಸ್ಪತ್ರೆ ಸೇರಬೇಕು. ಅಲ್ಲಿ ವೈದ್ಯರು ಕೊಡಬಹುದಾದ ಮದ್ದುಗಳಲ್ಲಿ ಒಂದು ಶುದ್ಧ ಎಥನಾಲ್! ಕಿಣ್ವಕ್ಕೆ ಮೆಥನಾಲ್‌ಗಿಂತ ಎಥನಾಲ್ ಮೇಲೆ ಒಲವು ಹೆಚ್ಚು. ಅದು ಎಥನಾಲ್‌ನಲ್ಲಿ ಮುಳುಗಿರುವಾಗ ಮೆಥನಾಲ್ ಹಾಗೆಯೇ ಉಳಿದು ಉಸಿರು, ಮೂತ್ರ, ಡಯಾಲಿಸಿಸ್ ಮೂಲಕ ಹೊರಬೀಳುತ್ತದೆ.