ಬಿಸಿಗೆ ನಿಂತು, ತಣ್ಣಗಾದರೆ ಓಡುವ ಕಾರು

ಜಗಳೂರು ತಾಲೂಕಿನ ಬಿಳಿಚೋಡಿನಂತಹ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆಯ ಮಧ್ಯಾಹ್ನ ದಾರಿಯಲ್ಲೇ ನಿಂತುಬಿಡುವ ಕಾರು, ಗ್ಯಾರೇಜು ಮುಟ್ಟುವಷ್ಟರಲ್ಲಿ ತಣ್ಣಗಾಗಿ ಏನೂ ಆಗಿಲ್ಲವೆಂಬಂತೆ ಓಡತೊಡಗಿದರೆ, ಮೆಕ್ಯಾನಿಕ್‌ಗೆ ದೋಷವೇ ಕಾಣಿಸದು. ಇದಕ್ಕೆ ಕಾರಣ ಹಲವೊಮ್ಮೆ ಕ್ರ್ಯಾಂಕ್ ಸೆನ್ಸರ್, ಅಂದರೆ ಎಂಜಿನ್ನಿನ ತಿರುಗುವಿಕೆಯನ್ನು ಅದರ ಕಂಪ್ಯೂಟರಿಗೆ ತಿಳಿಸುವ ಪುಟ್ಟ ಸಾಧನ. ವಿಪರೀತ ಕಾದಾಗ ಅದರ ಸಂಕೇತ ಕಡಿದು, ಇಂಧನದ ಪೂರೈಕೆ ನಿಲ್ಲುತ್ತದೆ. ಅಂದಾಜಿನ ಮೇಲೆ ಬಿಡಿಭಾಗ ಬದಲಿಸುತ್ತ ಹೋಗುವುದು ದುಬಾರಿ ಜೂಜು. ಕಾರು ನಿಂತ ಹೊತ್ತು, ವೇಗ, ಬಿಸಿಲನ್ನು ಬರೆದಿಟ್ಟು, ದೋಷದ ಕ್ಷಣದ ಅಂಕಿಗಳನ್ನು ಕಾಪಿಡುವ ‘ಫ್ರೀಜ್ ಫ್ರೇಮ್’ ದಾಖಲೆಯಿದ್ದರೆ ಅದನ್ನು ಸ್ಕ್ಯಾನರಿನಿಂದ ಓದಿಸುವುದು ಮೇಲು. ದೋಷ ಸರಿಹೋಗದೆ ದೂರು ಕೊಡಬೇಕಾಗಿ ಬಂದರೆ ನೆರವಾಗಲು ಪ್ರತಿ ರಿಪೇರಿಯ ಜಾಬ್ ಕಾರ್ಡ್ ಜೋಪಾನವಾಗಿರಲಿ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾವಣಗೆರೆಯ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಲು 2 ವರ್ಷಗಳ ಅವಧಿಯಿದ್ದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.